ಮುನೇಶ್ವರನ ಹುಲ್ಲು

ಕಾಫಿ ಕಹಿಯಾಗಿದ್ದರೆ ಮನುಷ್ಯ ಸಕ್ಕರೆ ಕೇಳುತ್ತಾನೆ. ಹಾಲೇ ಕಹಿಯಾಗಿದ್ದರೆ ಏನು ಕೇಳಬೇಕೋ ನನಗೆ ಇನ್ನೂ ಗೊತ್ತಿಲ್ಲ. ಎಪ್ಪತ್ತೊಂದನೇ ಇಸವಿಯ ಶ್ರಾವಣದ ಒಂದು ಭಾನುವಾರ, ದೊಡ್ಡಮ್ಮ ಕೊಟ್ಟ ನೊರೆಹಾಲನ್ನು ಒಂದು ಗುಟುಕು ಕುಡಿದು ನಾನು ಬೆಚ್ಚಿಬಿದ್ದೆ. ಬೇವಿನ ಕಷಾಯಕ್ಕೆ ಯಾರೋ ಸುಣ್ಣ ಬಳಿದಂತಿತ್ತು.

"ಇದಕ್ಕೇನ್ ಹಾಕ್ದೆ ದೊಡ್ಡಮ್ಮ?"

"ನಾನೇನ್ ಹಾಕ್ಲಿ? ಹಾಕಿರೋಳು ಕೆಂಪಿ. ಹೋಗಿ ಅವಳನ್ನೇ ಕೇಳು" ಎಂದಳು.

ಕೆಂಪಿ ದೊಡ್ಡಮ್ಮನ ಹಸು. ದೊಡ್ಡಪ್ಪ ಹೋದ ಮೇಲೆ ಆ ಮನೆಯಲ್ಲಿ ಉಳಿದದ್ದು ಎರಡು ಜೀವ, ಅದರಲ್ಲಿ ಒಂದು ಕೆಂಪಿ. ಬೂದಿಗೆರೆಯ ಕಡೆಯ ನಮ್ಮ ಹಳ್ಳಿಗೆ ನಾನು ವಾರಕ್ಕೊಮ್ಮೆ ಸೈಕಲ್ ತುಳಿದು ಬರುತ್ತಿದ್ದೆ. ಮಿಕ್ಕ ದಿನ ದೇವನಹಳ್ಳಿಯಲ್ಲಿ ಮೇಷ್ಟ್ರು. ನನಗೆ ದಿನಚರಿ ಬರೆಯುವ ಚಟ. ಮಳೆ ಯಾವತ್ತು ಬಂತು, ಬಸ್ಸು ಎಷ್ಟು ಸಲ ಬರಲಿಲ್ಲ, ಎಲ್ಲಕ್ಕೂ ನನ್ನಲ್ಲಿ ಲೆಕ್ಕವಿದೆ. ಅದರಿಂದ ಇದುವರೆಗೆ ಯಾರಿಗೂ ಉಪಯೋಗವಾಗಿಲ್ಲ ಎಂಬುದನ್ನೂ ಆಗ ಬರೆದಿಟ್ಟಿದ್ದೆ.

ಕೆಂಪಿಯನ್ನು ಕೇಳಲು ಅವಳ ಹಿಂದೆಯೇ ಹೋದೆ. ಹೋಗಿ ಗೋಮಾಳದ ಅಂಚಿನಲ್ಲಿ ನಿಂತವನು ಮುಂದಕ್ಕೆ ಹೆಜ್ಜೆ ಇಡಲಾರದೆ ಹೋದೆ. ನಾನು ಚಿಕ್ಕವನಿದ್ದಾಗ ಅಲ್ಲಿ ಇದ್ದದ್ದು ಕರಡದ ಹುಲ್ಲು, ಗರಿಕೆ, ನಡುನಡುವೆ ಒಂದೊಂದು ಜಾಲಿ ಮರ. ಗಾಳಿ ಬೀಸಿದರೆ, ನೊಣ ಕೂತ ಹಸುವಿನ ಮೈ ಅದುರುವ ಹಾಗೆ ಇಡೀ ಗೋಮಾಳ ಅದುರುತ್ತಿತ್ತು. ಈಗ ಕಣ್ಣು ಹಾಯುವಷ್ಟು ದೂರವೂ ಸೊಂಟದೆತ್ತರಕ್ಕೆ ಬೆಳೆದು ಬಿಳಿ ಹೂ ಬಿಟ್ಟ ಒಂದೇ ಗಿಡ. ಊರಿನವರು ಕಾಂಗ್ರೆಸ್ ಗಿಡ ಎನ್ನುತ್ತಾರೆ. ಹೊರದೇಶದ ಗೋಧಿ ಮೂಟೆಯಲ್ಲಿ ಬಂತು ಎಂದು ಕೆಲವರು, ರೈಲಿನಲ್ಲಿ ಬಂತು ಎಂದು ಕೆಲವರು. ಹೇಗೆ ಬಂದರೂ ಟಿಕೆಟ್ಟಿಲ್ಲದೆ ಬಂದು ಎಲ್ಲ ಸೀಟನ್ನೂ ಹಿಡಿದುಬಿಟ್ಟಿತ್ತು. ಹುಲ್ಲು ಸಿಗದ ಕೆಂಪಿ ಅದನ್ನೇ ಒಲ್ಲದ ಬಾಯಲ್ಲಿ ಮೇಯುತ್ತಿದ್ದಳು.

ವರ್ಷವರ್ಷವೂ ಕಣ್ಣೆದುರೇ ಹುಲ್ಲು ಹೋಗುತ್ತಿದ್ದರೂ ನಾವು ನೋಡಿರಲಿಲ್ಲ. ಹುಲ್ಲಿನ ಹಣೆಬರಹವೇ ಅಷ್ಟು. ಮರ ನೆಡುವುದಕ್ಕೆ ಉತ್ಸವವಿದೆ, ಭಾಷಣವಿದೆ, ಕೊನೆಯಲ್ಲಿ ಬೂಂದಿ ಇದೆ. ಹುಲ್ಲಿಗಾಗಿ ಯಾರೂ ಚಪ್ಪರ ಹಾಕಿದ್ದಿಲ್ಲ. ಒಬ್ಬನನ್ನು ಕೀಳು ಮಾಡಬೇಕಾದರೆ ಹುಲ್ಲುಕಡ್ಡಿಗೆ ಸಮ ಎನ್ನುತ್ತೇವೆ. ಹುಲ್ಲು ಬೆಳೆಯುವ ನೆಲವನ್ನು ಕಂದಾಯದವರು ಖರಾಬು ಎಂದು ಬರೆಯುತ್ತಾರೆ. ದೇವರುಗಳಲ್ಲೂ ಗಣಪತಿಯೊಬ್ಬನೇ ಗರಿಕೆಯೇ ಬೇಕೆಂದು ಹಟ ಹಿಡಿದವನು. ಬಹುಶಃ ಆನೆಯ ಹೊಟ್ಟೆಗೆ ಮಾತ್ರ ಹುಲ್ಲಿನ ಬೆಲೆ ಗೊತ್ತು.

ಆ ವಾರವೇ ಜಡಿಗೇನಹಳ್ಳಿಯಿಂದ ದೊಡ್ಡಮ್ಮನ ತಮ್ಮ ಬಂದ. ಹಾಲು ಬಾಯಿಗೆ ಹಾಕಿ, ಹೊರಗೆ ಹೋಗಿ ಉಗಿದು ಬಂದ. "ಇದನ್ನ ಯಾರಕ್ಕ ಕುಡೀತಾರೆ? ಕೆಂಪೀನ ನಮ್ಮೂರಿಗೆ ಹೊಡ್ಕೊಂಡ್ ಹೋಯ್ತೀನಿ. ಅಲ್ಲಿನ್ನೂ ಹುಲ್ಲೈತೆ."

ದೊಡ್ಡಮ್ಮ ತಿರುಗಿ ನೋಡಲಿಲ್ಲ. "ಮೂರು ಮಳೆಗಾಲ ತಡಿ. ಆಗ್ಲೂ ಹಿಂಗೇ ಇದ್ರೆ ಹೊಡ್ಕೊಂಡ್ ಹೋಗು. ಜೊತೆಗೆ ನನ್ನೂ ಒಂದು ಹಗ್ಗ ಕಟ್ಟಿ ಎಳ್ಕೊಂಡ್ ಹೋಗು."

ಮುಂದಿನ ಭಾನುವಾರ ಕಾಂಗ್ರೆಸ್ ಗಿಡ ಕೀಳಲು ಊರಿಗೆ ಊರೇ ಗೋಮಾಳಕ್ಕೆ ಇಳಿಯಿತು. ನಾನೂ ಕಿತ್ತೆ; ಮೊಣಕೈವರೆಗೆ ತುರಿಕೆ ಎದ್ದು ಒಂದು ವಾರ ಕರಿಹಲಗೆಗಿಂತ ಹೆಚ್ಚಾಗಿ ನನ್ನನ್ನೇ ಕೆರೆದುಕೊಂಡೆ. ಕಿತ್ತದ್ದು ಗಾಡಿಗಟ್ಟಲೆ ಆಯಿತು. ಎಲ್ಲಿಗೆ ಹಾಕುವುದು? ಒಂದು ಬೊಗಸೆ ಬೂದಿಯನ್ನೂ ದಂಡ ಮಾಡದ ಜನ ನಾವು. ತಂದು ಅವರವರ ತಿಪ್ಪೆಗೆ ಸುರಿದುಕೊಂಡೆವು. ಒಳ್ಳೆ ಗೊಬ್ಬರವಾಗುತ್ತದೆಂದು ಎಲ್ಲರ ಮುಖದಲ್ಲೂ ಗೆಲುವು. ಬೇಸಿಗೆಯಲ್ಲಿ ಆ ಗೊಬ್ಬರ ಹೊಲಕ್ಕೆ ಹೋಯಿತು. ಮಳೆ ಬಿತ್ತು. ರಾಗಿ ಹುಟ್ಟಿತು. ರಾಗಿಗಿಂತ ಮೊದಲೇ, ರಾಗಿಗಿಂತ ಒತ್ತಾಗಿ, ಸಾಲುಸಾಲಿನಲ್ಲೂ ಕಾಂಗ್ರೆಸ್ ಗಿಡ ಹುಟ್ಟಿತ್ತು. ಗೋಮಾಳದ ಶತ್ರುವನ್ನು ಮನೆಮನೆಗೂ ಕರೆದು, ಗೊಬ್ಬರ ಹಾಕಿ, ಬಿತ್ತನೆ ಮಾಡಿದವರು ನಾವೇ.

ಆ ಕಾರ್ತಿಕದಲ್ಲಿ ಮುನೇಶ್ವರನ ಪೂಜೆ. ಗೋಮಾಳದ ನಡುವೆ ಒಂದು ಬೇವಿನ ಮರ, ಅದರ ಬುಡದಲ್ಲಿ ಸ್ವಾಮಿ, ಸುತ್ತ ಇಪ್ಪತ್ತೊಂದು ಕಲ್ಲಿನ ಎಲ್ಲೆ. ಎಲ್ಲೆಯೊಳಗೆ ದನ ಹೋಗಬಾರದು, ಪೂಜೆಗೆ ಮುಂಚೆ ಕುಡುಗೋಲು ಆಡಿಸಬಾರದು. ಆಡಿಸಿದರೆ ರಕ್ತ ಕಾರಿಸುತ್ತಾನೆಂದು ಪ್ರತೀತಿ. ಪೂಜಾರಿ ಮುನಿಶಾಮಣ್ಣ ಆರತಿ ಎತ್ತುವಾಗ ದೊಡ್ಡಮ್ಮ ದೇವರನ್ನು ನೋಡುವುದು ಬಿಟ್ಟು ನೆಲ ನೋಡುತ್ತಿದ್ದಳು. ನಾನೂ ನೋಡಿದೆ. ಕಲ್ಲಿನಿಂದಾಚೆ ಬರೀ ಬಿಳಿ. ಕಲ್ಲಿನಿಂದೀಚೆ ಮೊಣಕಾಲುದ್ದ ಹುಲ್ಲು, ಬೆರಳು ತೂರದಷ್ಟು ಒತ್ತಾಗಿ. ಒಂದೇ ಒಂದು ಕಾಂಗ್ರೆಸ್ ಗಿಡವಿಲ್ಲ! ದನ ಬೋಳಿಸದ ನೆಲದಲ್ಲಿ ಅದಕ್ಕೆ ಕಾಲಿಡಲು ಜಾಗವೇ ಸಿಕ್ಕಿರಲಿಲ್ಲ.

"ಮುನಿಶಾಮಿ, ನಿನ್ ಸ್ವಾಮಿ ಭಾಳ ಜಿಪುಣ ಕಣಪ್ಪ. ಇಷ್ಟೇ ಜಾಗ ಇಟ್ಕೊಂಡವ್ನೆ" ಎಂದಳು.

"ಸ್ವಾಮೀನ ಹಂಗೆಲ್ಲ ಅನ್ಬಾರ್ದು ನಂಜಕ್ಕ. ಅವ್ನ್ ಮನಸ್ಸು ಯಾರ್ ಕಂಡೋರು?" ಎಂದು ಮುನಿಶಾಮಣ್ಣ ಕೆಮ್ಮಿದ.

ಮುಂದಿನ ಮಳೆಗಾಲಕ್ಕೆ ಹೊಸದೊಂದು ಕಟ್ಟಳೆ ಹುಟ್ಟಿತು. ಹರಕೆ ಹೊತ್ತವರು ಕಲ್ಲಿನ ಪಕ್ಕದ ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಒಂದೊಂದು ಹೊರೆ ಕಿತ್ತು ಒಣಗಿಸಿ ಸುಡಬೇಕು. ಪೂಜೆಯಾದ ಮೇಲೆ, ಬೀಜ ಉದುರಿಸಿದ ಹುಲ್ಲನ್ನು ಕೊಯ್ದು ಹಸು ಇದ್ದವರು ಹಂಚಿಕೊಳ್ಳಬೇಕು. ಸ್ವಾಮಿ ಕನಸಿನಲ್ಲಿ ಹೇಳಿದನಂತೆ. ಕನಸು ಬಿದ್ದದ್ದು ಮುನಿಶಾಮಣ್ಣನಿಗೆ. ಅದರ ಮಾತಿನ ಧಾಟಿ ಮಾತ್ರ ನಮ್ಮ ದೊಡ್ಡಮ್ಮನದು.

ನಾನು ಪ್ರತಿ ಸಲವೂ ಕಲ್ಲು ಎಣಿಸುತ್ತಿದ್ದೆ. ಇಪ್ಪತ್ತೊಂದು. ಮರುವರ್ಷವೂ ಇಪ್ಪತ್ತೊಂದು. ಲೆಕ್ಕ ಸರಿಯಾಗಿದೆಯೆಂಬ ಸಮಾಧಾನದಲ್ಲಿ ಒಂದು ದಿನ ಬೇವಿನ ನೆರಳಿಗೆ ಬಂದು ಕುಳಿತವನು ಥಟ್ಟನೆ ಎದ್ದು ನಿಂತೆ. ಹಿಂದೆ ನೆರಳು ಕಲ್ಲನ್ನು ದಾಟಿ ಆಚೆ ಬೀಳುತ್ತಿತ್ತು. ಈಗ ಕಲ್ಲು ನೆರಳಿನಿಂದ ಬಹುದೂರ ಬಿಸಿಲಿನಲ್ಲಿ ನಿಂತಿದೆ. ಮರ ಕುಗ್ಗಿರಲಿಲ್ಲ. ಕಲ್ಲುಗಳೇ ನಡೆದಿದ್ದವು!

ಓಡಿಹೋಗಿ ದೊಡ್ಡಮ್ಮನಿಗೆ ಹೇಳಿದೆ. "ಸ್ವಾಮಿಗೆ ಜಾಗ ಸಾಲ್ದೇನೋ. ಸರಿಸ್ಕೊಂಡವ್ನೆ" ಎಂದಳು. ಅವಳ ಹಿಂದೆ ಗೋಡೆಗೆ ಒರಗಿದ್ದ ಹಾರೆಯ ಮೊನೆಯಲ್ಲಿ ಹಸಿ ಕೆಮ್ಮಣ್ಣು. ನಾನು ಅದನ್ನು ನೋಡಿದ್ದನ್ನು ಅವಳೂ ನೋಡಿದಳು.

"ಮೂಡಲ ಕಡೇದು ಮಾತ್ರ ನಾನು ಕಣೋ. ಪಡುವಲ ಕಡೇದು ದೇವ್ರಾಣೆ ನಾನಲ್ಲ!"

ನನಗಿಂತ ಅವಳೇ ಹೆಚ್ಚು ಬೆಚ್ಚಿದ್ದಳು. ಮುನಿಶಾಮಣ್ಣನ ಮನೆಯಲ್ಲೂ ಎರಡು ಹಸುಗಳಿವೆ ಎಂಬುದು ಆಗ ನನಗೆ ನೆನಪಾಯಿತು.

ಎಪ್ಪತ್ತನಾಲ್ಕರ ಕಾರ್ತಿಕಕ್ಕೆ ದೊಡ್ಡಮ್ಮನ ತಮ್ಮ ಹಗ್ಗ ಹಿಡಿದೇ ಬಂದ. ಹಿಂದಿನ ದಿನ ಪೂಜೆಯಾಗಿ ದೊಡ್ಡಮ್ಮನ ಪಾಲಿಗೆ ಏಳು ಹೊರೆ ಹುಲ್ಲು ಬಂದಿತ್ತು. ಗೋಮಾಳದ ಮುಕ್ಕಾಲು ಭಾಗ ಇನ್ನೂ ಬಿಳಿಯೇ. ಆದರೆ ಆ ವರ್ಷ ಹೊಸ ಹುಲ್ಲು ಬರುವವರೆಗೆ ಹಳೇ ಹುಲ್ಲು ಉಳಿದಿತ್ತು. ಕೆಂಪಿ ಕಾಂಗ್ರೆಸ್ ಗಿಡಕ್ಕೆ ಬಾಯಿ ಹಾಕಿರಲಿಲ್ಲ. ಅವನು ಹಾಲು ಕುಡಿದ. ನಾವು ಅವನ ಮುಖ ನೋಡುತ್ತಿದ್ದೆವು. ಅವನು ಹೊರಗೆ ಹೋಗಲಿಲ್ಲ. ಲೋಟ ಮುಂದೆ ಚಾಚಿ, "ಇನ್ನೊಂಚೂರು ಹಾಕಕ್ಕ" ಎಂದ. ದೊಡ್ಡಮ್ಮ ಒಂದು ಕೈಯಲ್ಲಿ ಹಾಲು ಬಗ್ಗಿಸುತ್ತಲೇ ಇನ್ನೊಂದು ಕೈಯಿಂದ ಹಗ್ಗ ಕಿತ್ತುಕೊಂಡು ಹುಲ್ಲಿನ ಹೊರೆ ಕಟ್ಟಲು ಇಟ್ಟುಕೊಂಡಳು.

ಮೊನ್ನೆ ಕಂದಾಯದವರೊಬ್ಬರು ಗೋಮಾಳ ನೋಡಲು ಬಂದು, ದೇವರ ಎಲ್ಲೆ ಇಷ್ಟು ದೊಡ್ಡದಿತ್ತೇ ಎಂದು ಕೇಳಿದರು. ಊರಿನವರೆಲ್ಲ ನನ್ನ ಕಡೆ ಕೈ ತೋರಿಸಿದರು, ಲೆಕ್ಕ ಇಡುವ ಮೇಷ್ಟ್ರು ಇವರೇ ಎಂದು. ನನ್ನ ಲೆಕ್ಕ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಉಗುರಿನ ಸಂದಿಯಲ್ಲಿ ತೆಂಕಣ ಕಡೆಯ ಕೆಮ್ಮಣ್ಣು ಇದ್ದುದರಿಂದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನಿಜವನ್ನೇ ಹೇಳಿದೆ:

"ವರ್ಷವರ್ಷವೂ ಎಣಿಸಿದ್ದೇನೆ ಸ್ವಾಮಿ. ಕಲ್ಲು ಇಪ್ಪತ್ತೊಂದೇ. ಒಂದೂ ಹೆಚ್ಚಿಲ್ಲ."