ಸೋಫಾ ಫೋಮಿನ ಧೂಳು, ನನ್ನ ಥೈರಾಯ್ಡ್

ಮೊದಲು ಕೆಟ್ಟಿದ್ದು ಗಂಟಲು. ಫೋನಿನಲ್ಲಿ ‘ಹಲೋ’ ಅಂದೆ. ಯಳಂದೂರಿನ ತಂಗಿ, ‘ಭಾವ, ಅಕ್ಕಂಗೆ ಕೊಡಿ’ ಅಂದಳು. ನಕ್ಕೆ. ಆ ನಗುವೂ ಗಂಡಸಿನದಾಗಿತ್ತು.

ಆಮೇಲೆ ಸುಸ್ತು. ಕೊಳ್ಳೇಗಾಲದ ನಮ್ಮ ಮನೆಯ ಮುಂದಿನ ಕೋಣೆಯೇ ಗಂಡ ಮಹದೇವನ ಸೋಫಾ ರಿಪೇರಿ ಅಂಗಡಿ. ಹಳೆಯ ಸೋಫಾಗಳ ಬಟ್ಟೆ ಬಿಚ್ಚಿ ಫೋಮ್ ಕೀಳುವುದು ನನ್ನ ಕೆಲಸ. ಮುಟ್ಟಿದರೆ ಹಳದಿ ಹಿಟ್ಟಿನಂತೆ ಉದುರುತ್ತಿತ್ತು. ಅದನ್ನು ಗುಡಿಸಿ, ಕೈ ಕೊಡವಿಕೊಂಡು ನೇರ ಅಡುಗೆಮನೆಗೆ ಹೋಗುತ್ತಿದ್ದೆ. ಈಗ ಒಂದು ಸೋಫಾ ಬಿಚ್ಚುವಷ್ಟರಲ್ಲಿ ಇನ್ನೊಂದರ ಮೇಲೆ ನಿದ್ದೆ ಹೋಗಿರುತ್ತಿದ್ದೆ.

‘ಗಿರಾಕಿಗೆ ಡೆಮೋ ತೋರುಸ್ತಾ ಇದ್ದೀಯ?’ ಎಂದು ಮಹದೇವ ರೇಗಿಸುತ್ತಿದ್ದ. ನನ್ನ ಮುಖ ಊದಿಕೊಂಡಾಗ ರೇಗಿಸುವುದನ್ನು ಬಿಟ್ಟು ಆಸ್ಪತ್ರೆಗೆ ಕರೆದೊಯ್ದ.

ಬ್ಲಡ್ ಟೆಸ್ಟ್ ಆಯಿತು. ಹೈಪೋಥೈರಾಯ್ಡಿಸಮ್, ಅಂದರು ಡಾಕ್ಟರಮ್ಮ. ಏನು ಕೆಲಸ ಎಂದು ಕೇಳಿದರು. ಹೇಳಿದೆ.

‘ಇದ್ರಿಂದಲೇ ಬಂತು ಅಂತ ಹೇಳೋಕಾಗಲ್ಲಮ್ಮ. ಥೈರಾಯ್ಡ್ ಯಾರಿಗೆ ಬೇಕಾದ್ರೂ ಬರುತ್ತೆ. ಆದ್ರೆ ಕೆಲವು ಫೋಮ್‌ಗೆ ಬೆಂಕಿ ಬೇಗ ಹತ್ತದ ಹಾಗೆ ಕೆಮಿಕಲ್ ಸೇರಿಸಿರ್ತಾರೆ. ಅದು ಧೂಳಲ್ಲಿ ಬರುತ್ತೆ, ಕೈಯಿಂದ ಬಾಯಿಗೆ ಹೋಗುತ್ತೆ. ಅಂಥ ಕೆಲವು ಹಾರ್ಮೋನ್‌ಗೆ ತೊಂದ್ರೆ ಕೊಡಬಹುದು ಅನ್ನೋ ಆತಂಕ ಇದೆ. ಮನೇಲಿ ಚಿಕ್ಕ ಮಕ್ಕಳಿದ್ದಾರಾ?’

ಮಗಳು ಗೌರಿ ಆಗ ಅಂಬೆಗಾಲಿಡುತ್ತಿದ್ದಳು. ಅದೇ ಕೋಣೆಯಲ್ಲಿ.

ನನ್ನ ಕಾಯಿಲೆ ಅಲ್ಲೇ ಮರೆತುಹೋಯಿತು.

ಹೊರಗೆ ಬಂದ ಮಹದೇವ ಗಾಡಿ ಸ್ಟಾರ್ಟ್ ಮಾಡಲಿಲ್ಲ. ‘ಫೋಮ್ ಚೂರ್ನೆಲ್ಲ ಇತ್ಲಲ್ಲಿ ಸುಡ್ತಿದ್ನಲ್ಲ ಕಣೇ, ಆ ಒಗೆ?’ ಎಂದ.

‘ಪಕ್ಕದ್ ಮನೆಗೂ ಓಯ್ತಿತ್ತು’ ಎಂದೆ.

ಗೌರಿಯನ್ನೂ ತೋರಿಸಿದೆವು. ರಿಪೋರ್ಟ್ ಬರುವವರೆಗೆ ಇಬ್ಬರೂ ಅನ್ನ ಕಲಸಿಕೊಂಡು ಕೂತೆವೇ ಹೊರತು ಉಣ್ಣಲಿಲ್ಲ. ಎಲ್ಲ ನಾರ್ಮಲ್ ಅಂತ ಬಂದಾಗ ಮಹದೇವ ಲ್ಯಾಬಿನವರಿಗೂ ಬಾದಾಮಿ ಹಾಲು ಕುಡಿಸಿದ.

ಅಂಗಡಿ ಹಿತ್ತಿಲ ಶೆಡ್ಡಿಗೆ ಹೋಯಿತು. ಫೋಮ್ ಕೀಳುವವನು ಈಗ ಮಹದೇವನೇ, ಮಾಸ್ಕ್, ಗ್ಲೌಸ್ ಹಾಕಿಕೊಂಡು. ಸುಡುವುದು ನಿಂತಿತು, ಚೂರುಗಳನ್ನು ಚೀಲದಲ್ಲಿ ಬಿಗಿದು ಕಸದ ಗಾಡಿಗೆ ಕೊಡುತ್ತೇವೆ. ಮನೆಯೊಳಗೆ ಒಣಪೊರಕೆ ಇಲ್ಲ, ಒದ್ದೆಬಟ್ಟೆ. ಮಗ ಮೈಮೇಲಿನ ಧೂಳು ಹೊತ್ತು ಒಳಗೆ ಬರದಂತೆ, ಅಜ್ಜೀಪುರದಿಂದ ಬಂದ ಅತ್ತೆ ಹಿಂಬಾಗಿಲಲ್ಲೇ ಕಾವಲು.

‘ಆ ಬಟ್ಟೇನೆಲ್ಲ ಆಚೆಗೇ ಬುಟ್ಟು ಬಾರ್ಲಾ.’

‘ಎಲ್ಲಾನೂ ಬುಟ್ರೆ ಪಕ್ಕದ್ಮನೆಯೋರು ನೋಡ್ತರಲ್ಲವ್ವ.’

ನನಗೀಗ ಕುರ್ಚಿಗಳಿಗೆ ತೆಂಗಿನ ನಾರು, ಹತ್ತಿ ತುಂಬುವ ಕೆಲಸ. ಹನೂರಿನ ಗಿರಾಕಿಯೊಬ್ಬರು ಕೂತು ನೋಡಿ, ‘ವಸಿ ಗಟ್ಟಿ ಅದೆ ಕಣಮ್ಮ’ ಅಂದರು.

‘ದಿನಾ ಕೂತ್ರೆ ಮೆತ್ತಗಾಯ್ತದೆ ಸಾ.’

‘ಯಾವ್ದು, ಕುರ್ಚಿನಾ, ನಾನಾ?’

ದಿನಾ ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಪುಟ್ಟ ಮಾತ್ರೆ. ಬಹುಶಃ ಬದುಕಿರುವವರೆಗೂ. ಕಾಯಿಲೆ ಎಲ್ಲಿಂದ ಬಂತೆಂದು ಯಾರೂ ಖಚಿತವಾಗಿ ಹೇಳಲಾರರು, ಅದನ್ನೇ ಹಿಡಿದು ಕೊರಗುವುದನ್ನು ನಾನೂ ಬಿಟ್ಟಿದ್ದೇನೆ. ಮಾತ್ರೆ ನುಂಗಿದ ಮೇಲೆ ಕಾಫಿಗೆ ಸ್ವಲ್ಪ ಹೊತ್ತು ಕಾಯಬೇಕು. ಆಗ ಮೆಟ್ಟಿಲ ಮೇಲೆ ಸುಮ್ಮನೆ ಕೂರುತ್ತೇನೆ. ಮದುವೆಯಾದಾಗಿನಿಂದ ಬೆಳಗಿನ ಹೊತ್ತು ಹಾಗೆ ಕೂತದ್ದೇ ಇರಲಿಲ್ಲ. ಗೌರಿ ಎದ್ದು, ಕಣ್ಣುಜ್ಜಿಕೊಂಡು ಬಂದು ತೊಡೆ ಏರುತ್ತಾಳೆ. ಒಳಗಿನಿಂದ ಯಾರಾದರೂ ಕರೆದರೂ ನಾವಿಬ್ಬರೂ ಓಗೊಡುವುದಿಲ್ಲ.