ಯಾವ ಎಣ್ಣೆ?

ಹುಣಸೆಹಣ್ಣಿನ ಮೂಟೆಗೆ ಕೈ ಹಾಕಿದರೆ ಸಾಕು, ಬೀಜ ಎಷ್ಟು, ತೂಕಕ್ಕೆಂದು ಚಿಮುಕಿಸಿದ ನೀರು ಎಷ್ಟು ಎಂದು ನಾನು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ. ಮಧುಗಿರಿಯಲ್ಲಿ ಸೈಕಲ್ಲಿನ ಹಿಂದೆ ಮೂಟೆ ಕಟ್ಟಿಕೊಂಡು ಶುರುಮಾಡಿದ ವ್ಯಾಪಾರ ಕಾರಿನವರೆಗೆ ಬಂದದ್ದು ಈ ಕೈಯಿಂದಲೇ. ಇಂಥವನು ಬಟಾಣಿ ಕಾಳಿನಷ್ಟಿದ್ದ ಕೆಂಪು ದೀಪದ ಮುಂದೆ ಪೆದ್ದನಾದೆ ಎಂದು ಒಪ್ಪಿಕೊಳ್ಳಲು ವರ್ಷಗಳೇ ಬೇಕಾದವು. ಈಗಲೂ ಒಪ್ಪಿಕೊಳ್ಳುತ್ತಿರುವುದು ನಿಮ್ಮೆದುರು ಮಾತ್ರ, ಅದೂ ನಿಮಗೆ ಬುದ್ಧಿ ಹೇಳುವ ಅವಕಾಶ ಸಿಗುತ್ತದಲ್ಲ ಎಂಬ ಆಸೆಯಿಂದ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗಿಂತ ಮೊದಲೇ ಇಬ್ಬರು ಓಡಿಸಿ ದಣಿಸಿದ್ದ ಕಾರನ್ನು ಕೊಂಡೆ. ಕೊಳ್ಳುವಾಗ ಟೈರು ಒದ್ದು ನೋಡಿದೆ, ಬಾಗಿಲು ಬಡಿದು ನೋಡಿದೆ, ಹಿಂದಿನ ಸೀಟಿನ ಮೇಲೆ ಕೂತು ಕುಣಿದೂ ನೋಡಿದೆ. ಬಾನೆಟ್ಟು ಮಾತ್ರ ಎತ್ತಲಿಲ್ಲ. ಎತ್ತಿದರೂ ನನಗೇನೂ ಗೊತ್ತಾಗುವುದಿಲ್ಲ ಎಂಬುದು ಮಾರುವವನಿಗೆ ಗೊತ್ತಾಗಿಬಿಡುತ್ತದಲ್ಲ.

ಮೂರನೆಯ ತಿಂಗಳು ಮೀಟರಿನ ಪಕ್ಕದ ಕೆಂಪು ದೀಪ ಮಿಣುಕತೊಡಗಿತು. ತಿರುವಿನಲ್ಲಿ ಮಿಣುಕುತ್ತಿತ್ತು, ಗಾಡಿ ನಿಲ್ಲಿಸಿ ಯಾರನ್ನಾದರೂ ಮಾತಾಡಿಸುವಾಗ ಮಿಣುಕುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಆರಿಹೋಗುತ್ತಿತ್ತು. ಇನ್ನೂ ಜೋರಾಗಿ ಓಡಿಸು ಎಂದು ಗಾಡಿ ಕೇಳಿಕೊಳ್ಳುತ್ತಿದೆ ಎಂದು ಅರ್ಥಮಾಡಿಕೊಂಡು ಹಾಗೆಯೇ ಮಾಡಿದೆ.

ಆದರೂ ಅನುಮಾನ ಹೋಗದೆ ಶಿರಾದ ಮೆಕ್ಯಾನಿಕ್ ಬಾಷಾ ಸಾಬರ ಹತ್ತಿರ ಹೋದೆ. ಅವರು ಲಾರಿಯ ಕೆಳಗೆ ಮಲಗಿದ್ದರು, ಕಾಲು ಮಾತ್ರ ಕಾಣುತ್ತಿತ್ತು. ಆ ಕಾಲುಗಳಿಗೇ ನನ್ನ ಕಷ್ಟ ಹೇಳಿದೆ. ಒಳಗಿನಿಂದ ಉತ್ತರ ಬಂತು: "ಎಣ್ಣೆ ನೋಡ್ಕಳಿ ಸಾಮಿ. ಬಸ್, ಅಷ್ಟೇ."

ನಮ್ಮ ಕಡೆ ತಲೆಗೆ ಹಚ್ಚುವುದೂ ಎಣ್ಣೆ, ಬಾಣಲೆಗೆ ಸುರಿಯುವುದೂ ಎಣ್ಣೆ, ಬಸ್ಸು ಬಂಕಿನಲ್ಲಿ ಹಾಕಿಸಿಕೊಳ್ಳುವುದೂ ಎಣ್ಣೆ. ಯಾವ ಎಣ್ಣೆ ಎಂದು ಕಾಲುಗಳನ್ನು ಕೇಳಲು ನನಗೆ ನಾಚಿಕೆಯಾಯಿತು. ನೇರ ಬಂಕಿಗೆ ಹೋಗಿ ಟ್ಯಾಂಕು ತುಂಬಿಸಿದೆ. ದೀಪ ಮಿಣುಕಿದಾಗಲೆಲ್ಲ ತುಂಬಿಸಿದೆ. ಆಮೇಲೂ ಮಿಣುಕಿದರೆ ಅದು ದೀಪದ ದುರಾಸೆ ಎಂದುಕೊಂಡೆ.

ಇದರಲ್ಲಿ ನನ್ನ ತಪ್ಪು ಅರ್ಧ ಮಾತ್ರ. ದೇವರ ಮನೆಯಲ್ಲಿ ಎಣ್ಣೆ ಮುಗಿದರೆ ದೀಪ ಆರುತ್ತದೆ. ಕಾರಿನಲ್ಲಿ ಎಣ್ಣೆ ಮುಗಿದರೆ ದೀಪ ಹತ್ತುತ್ತದೆ. ಹುಟ್ಟಿದಾಗಿನಿಂದ ನಂದಾದೀಪ ನೋಡಿಕೊಂಡು ಬೆಳೆದ ಯಾವನಿಗಾದರೂ ಇದು ಹೊಳೆದೀತೇ?

ಕೊರಟಗೆರೆಯ ಗುಮಾಸ್ತ ಗೆಳೆಯನೊಬ್ಬ ಕಾರು ಹತ್ತಿದವನು ದೀಪ ನೋಡಿ ನಕ್ಕ. "ಅರ್ಜಿ ಹಿಂಗೆ ಪೀಡಿಸ್ತಾ ಇದ್ರೆ ನಾವೇನ್ ಮಾಡ್ತೀವಿ ಹೇಳು? ಅದ್ರ ಮೇಲೆ ಇನ್ನೊಂದು ಫೈಲ್ ಇಡ್ತೀವಿ ಕಣಯ್ಯ." ಮಾತು ಹಿಡಿಸಿತು. ಮನೆಗೆ ಬಂದು ಹೆಂಡತಿಯ ಡಬ್ಬಿಯಿಂದ ದೊಡ್ಡದೊಂದು ಸ್ಟಿಕರ್ ಬೊಟ್ಟು ತೆಗೆದು ದೀಪದ ಮೇಲೆ ಅಂಟಿಸಿದೆ. ಕಾರಿಗೂ ಒಂದು ಕಳೆ ಬಂತು, ನನಗೂ ನೆಮ್ಮದಿಯಾಯಿತು.

ಅದೇ ವಾರ ಪಾವಗಡದ ಸ್ಕೂಲಿನಲ್ಲಿ ಕಣ್ಣಿನ ಶಿಬಿರ. ದೊಡ್ಡೇರಿಯಿಂದ ನಮ್ಮತ್ತೆಯನ್ನು ಕರೆದುಕೊಂಡು ಹೋಗಬೇಕಿತ್ತು. ಆಕೆ ನನಗೆ ಎರಡು ರೀತಿಯಲ್ಲಿ ಅತ್ತೆ: ಅಪ್ಪನ ತಂಗಿ, ಹೆಂಡತಿಯ ತಾಯಿ. ಹಾಗಾಗಿ ಬೈಗುಳವೂ ಎರಡು ಪಾಲು. ಪೊರೆ ಬೆಳೆದು ಆಕೆಗೆ ಬೆಳಕು ಯಾವುದು, ಕತ್ತಲೆ ಯಾವುದು ಎನ್ನುವಷ್ಟೇ ಕಾಣುತ್ತಿತ್ತು. ಹನ್ನೆರಡು ಗಂಟೆಯೊಳಗೆ ಹೆಸರು ಬರೆಸಿದವರಿಗೆ ಮಾತ್ರ ಆಪರೇಷನ್, ತಪ್ಪಿದರೆ ಮುಂದಿನ ವರ್ಷ.

ಮಿಡಿಗೇಶಿ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಪಕ್ಕದಲ್ಲಿ ಕೂತಿದ್ದ ಅತ್ತೆ ಕಿವಿ ನಿಮಿರಿಸಿ, "ಲೇ, ನಿನ್ ಗಾಡಿ ಒಣಗೈತೆ ಕಣ್ಲಾ" ಎಂದರು.

"ಎಣ್ಣೆ ತುಂಬ ಐತೆ ಕಣತ್ತೆ. ಬೆಳಿಗ್ಗೆನೇ ಹಾಕ್ಸಿದೀನಿ."

"ಯಾವ ಎಣ್ಣೆ?"

ನಾನು ಕೇಳಲು ನಾಚಿದ್ದ ಪ್ರಶ್ನೆ. ಪೆಟ್ರೋಲು ಎಂದೆ.

"ಅದು ಎತ್ತಿಗೆ ಹಾಕೋ ಹುಲ್ಲು ಕಣ್ಲಾ. ಅಚ್ಚಿಗೆ ಕೀಲೆಣ್ಣೆ ಯಾವನ್ ಹಾಕ್ದ? ಟಕಟಕ ಅಂತ ಅಳ್ತಾ ಐತೆ, ಕೇಳಕಿಲ್ವಾ? ನಿಲ್ಸು."

ಗಂಡ ಹೋದ ಮೇಲೆ ತಾನೇ ಎತ್ತಿನ ಗಾಡಿ ಹೊಡೆದುಕೊಂಡು ಸಂತೆ ಮಾಡಿದ ಹೆಂಗಸು. ನಿಲ್ಲಿಸಿದೆ. ಮೊದಲ ಸಲ ಬಾನೆಟ್ಟು ಎತ್ತಿದೆ. ಎಂಜಿನ್ನಿನ ಪಕ್ಕದಲ್ಲಿ ಎಣ್ಣೆ ಅಳೆಯುವ ಕಡ್ಡಿಯೊಂದಿತ್ತು. ಎಳೆದು ನೋಡಿದರೆ ತುದಿಯಲ್ಲಿ ಮಸಿ ಮಾತ್ರ.

ಅಲ್ಲೇ ಹೊಲದಲ್ಲಿ ಡೀಸೆಲ್ ಎಂಜಿನ್ನಿನಿಂದ ನೀರೆತ್ತುತ್ತಿದ್ದ ರೈತನ ಬಳಿ ಎಂಜಿನ್ ಆಯಿಲಿನ ಡಬ್ಬವಿತ್ತು. ಅವನು ಕೊಡಲು ಒಪ್ಪಿದ ಕೂಡಲೇ ನನ್ನ ನಾಲಿಗೆ ತನ್ನ ಕಸುಬು ಶುರುಮಾಡಿತು: ಡಬ್ಬ ಒಡೆದಿದೆಯಲ್ಲ, ಎಣ್ಣೆ ತೆಳ್ಳಗಿದೆಯಲ್ಲ, ಎಷ್ಟು ದಿನದ್ದಪ್ಪ ಇದು.

ಕಾರಿನೊಳಗಿಂದ ಅತ್ತೆಯ ದನಿ ಬಂತು. "ಲೇ, ನನ್ ಕಣ್ಣಿಗೂ ಇಂಗೇ ಚೌಕಾಸಿ ಮಾಡೀಯ, ನೋಡ್ಕಂಡು."

ಜೀವಮಾನದಲ್ಲಿ ಅದೊಂದು ಸಲ ಕೇಳಿದಷ್ಟು ದುಡ್ಡು ಕೊಟ್ಟು ಬಂದೆ. ಎಣ್ಣೆ ಸುರಿದು ಗಾಡಿ ಎಬ್ಬಿಸಿ, ಬೊಟ್ಟಿನ ಅಂಚನ್ನು ಉಗುರಿನಿಂದ ಎತ್ತಿ ಇಣುಕಿದೆ. ದೀಪ ಆರಿತ್ತು. ಬೊಟ್ಟನ್ನು ಮತ್ತೆ ಒತ್ತಿ ಅಂಟಿಸಿದೆ, ಇರಲಿ ಎಂದು.

ಪಾವಗಡದಲ್ಲಿ ಹೆಸರು ಬರೆಯುವವನು ಮೇಜಿನಿಂದ ಏಳುತ್ತಿದ್ದ. "ಇಂಕಾ ಐದ್ ನಿಮ್ಷ ಆಗಿದ್ರೆ ಪುಸ್ತಕ ಮುಚ್ಚೇಸ್ತಿದ್ದೆ ಅಮ್ಮಾ" ಎಂದು ತೆಲುಗು ಬೆರೆತ ಕನ್ನಡದಲ್ಲಿ ಹೇಳುತ್ತ ಮತ್ತೆ ಕೂತ. ಕೊನೆಯ ಹೆಸರು ಅತ್ತೆಯದು.

ಎರಡು ತಿಂಗಳ ಮೇಲೆ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಅತ್ತೆ ಅದೇ ಸೀಟಿನಲ್ಲಿ ಕೂತರು. ಒಂದೊಂದನ್ನೇ ನೋಡುತ್ತ ಬಂದ ಅವರ ಕಣ್ಣು ಮೀಟರಿನ ಬಳಿ ನಿಂತಿತು. "ಇದ್ಯಾರ್ ಹಣೆ ಬೊಟ್ಟು ಇಲ್ಲಿ ಮೆತ್ತಿರೋದು?"

ಮುಚ್ಚಿಡದೆ ಎಲ್ಲ ಹೇಳಿದೆ. ಅತ್ತೆ ನಗಲಿಲ್ಲ. "ನನ್ ಪೊರೆ ಡಾಕ್ಟ್ರು ತಗುದ್ರು. ಇದುನ್ನ ನೀನ್ ತಗಿ" ಎಂದರು.

ಕಿತ್ತೆ. ಅಂಟಿನ ಗುರುತು ಮಾತ್ರ ಕಾರು ಮಾರುವವರೆಗೂ ಹೋಗಲಿಲ್ಲ. ಕೊಳ್ಳಲು ಬಂದವನು ಟೈರು ಒದ್ದ, ಬಾಗಿಲು ಬಡಿದ. ನಾನೇ ಬಾನೆಟ್ಟು ಎತ್ತಿ, ಕಡ್ಡಿ ಎಳೆದು ತೋರಿಸಿ, "ಕೆಂಪು ದೀಪ ಬಂದ್ರೆ ಎಣ್ಣೆ ನೋಡ್ಕಳಿ" ಎಂದೆ. ಯಾವ ಎಣ್ಣೆ ಎಂದು ಕೇಳುತ್ತಾನೇನೋ ಎಂದು ಕಾದೆ. ಅವನು ಎಲ್ಲ ಗೊತ್ತಿರುವವನ ಹಾಗೆ ತಲೆಯಾಡಿಸಿದ.