ಎರಡನೇ ಬದಿಯ ನಾಲ್ಕನೇ ಹಾಡು

ಬೈಲಹೊಂಗಲದ ಹತ್ತಿ ವ್ಯಾಪಾರಿ ಅಂದಾನೆಪ್ಪ ಅಮೆರಿಕದ ಹಳೆಯ ರಾಕ್, ಕಂಟ್ರಿ ರೆಕಾರ್ಡುಗಳನ್ನೂ ಹತ್ತಿಯ ಹಾಗೆಯೇ ಪರೀಕ್ಷಿಸುತ್ತಿದ್ದ. ಮೊದಲ ಹಾಡಿಗೆ ಯಾರಾದರೂ ತಲೆದೂಗಿದರೆ, “ಅಂಡಿಗಿ ಚೀಲದ ಬಾಯಾಗ ಎಲ್ಲಾರೂ ಚೊಲೋ ಹತ್ತೀನ ಇಡ್ತಾರ. ಒಳಗ ಕೈ ಹಾಕ್ರಿ,” ಎಂದು ರೆಕಾರ್ಡು ತಿರುವಿ ಹಾಕಿ, ಎರಡನೇ ಬದಿಯ ನಾಲ್ಕನೇ ಹಾಡು ಕೇಳಿಯೇ ತೀರ್ಪು ಕೊಡುತ್ತಿದ್ದ. “ರಾಕ್‌ನವರು ಜಗಳಕ್ಕ ಬಂದ ಬೀಗರು, ಕಂಟ್ರಿಯವರು ಜಗಳ ಮುಗಿಸಿ ಊಟಕ್ಕ ಕುಂತ ಬೀಗರು.” ಈ ತೀರ್ಪಿಗೆ ಸವದತ್ತಿ, ರಾಮದುರ್ಗದವರೆಗೂ ಅಪೀಲಿರಲಿಲ್ಲ. ಅವನ ಪ್ಲೇಯರಿನ ತಟ್ಟೆ ತಿರುಗಿಸುವ ಬೆಲ್ಟು ಸಡಿಲವಾಗಿ ಹಾಡುಗಳೆಲ್ಲ ನಿಧಾನವಾಗಿ ಎಳೆಯುತ್ತವೆ ಎಂದು ರೇಡಿಯೋ ರಿಪೇರಿಯ ಗೆಳೆಯ ಮಧು ಇಪ್ಪತ್ತು ವರ್ಷ ಹೇಳಿದ. “ನಿನ್ನ ಕಿವೀನ ಸಡ್ಲ ಆಗ್ಯಾವಲೇ,” ಎಂದು ಅಂದಾನೆಪ್ಪ ನಗುತ್ತಿದ್ದ. ಅಂದಾನೆಪ್ಪ ಹಾಸಿಗೆ ಹಿಡಿದು, ಇನ್ನು ಹತ್ತು ದಿನವಷ್ಟೇ ಎಂದು ಡಾಕ್ಟರು ಹೇಳಿದಾಗ, ಒಮ್ಮೆಯಾದರೂ ಗೆಳೆಯ ಸರಿಯಾದ ದನಿ ಕೇಳಲಿ ಎಂದು ಮಧು ಯಾರನ್ನೂ ಕೇಳದೆ ಹೊಸ ಬೆಲ್ಟು ಹಾಕಿದ. ಅಂದಾನೆಪ್ಪ ಕಣ್ಣು ಮುಚ್ಚಿಕೊಂಡು ಒಂದು ಬದಿ ಪೂರ್ತಿ ಕೇಳಿದ. “ನೀ ಹೇಳಿದ್ದು ಖರೇ ಐತಿ, ಮಧು,” ಎಂದು ಮೊದಲ ಸಲ ಸೋಲೊಪ್ಪಿಕೊಂಡ. “ಆದ್ರ ಹಳೇ ಬೆಲ್ಟನ ಹಾಕಪಾ. ಇದರಾಗ ಹಾಡು ಲಗೂ ಮುಗೀತಾವ.”